ಮದುವೆಯಾಗಬೇಕಾದ ಹುಡುಗಿ ದವಾಖಾನೆಗೆ ಹೋಗಬಾರದೇ?



2024ರ ಸೆಪ್ಟೆಂಬರಿನಲ್ಲಿ ನಮ್ಮ ಗೊಬ್ಬೂರಿನ ಒಬ್ಬ ಹುಡುಗಿ ಎಂ.ಎಸ್ಸಿ. ಓದಲು ಇಂಗ್ಲೆಂಡಿಗೆ ಹೊರಟಳು. (ಇದು ಅಫಜಲಪುರ ತಾಲೂಕಿನ ಗೊಬ್ಬೂರ. ದೇವದುರ್ಗದ ಕಡೆಯ ಗಬ್ಬೂರು ಎಂದು ಓದಿಕೊಳ್ಳಬೇಡಿ.) ತೊಗರಿ ಬೆಳೆಯುವ ಮನೆತನ. ತಂದೆ ಬ್ಯಾಂಕಿನಲ್ಲಿ ಸಾಲ ಮಾಡಿದ, ಸಾಲದ್ದಕ್ಕೆ ಎರಡು ಎಕರೆ ಹೊಲ ಮಾರಿದ. ಊರಿಗೆ ಊರೇ ಬಂದು ಆರತಿ ಎತ್ತಿ ಕಳಿಸಿತು. ನಾನೂ ಹೋಗಿದ್ದೆ. ಆಕೆಯ ತಾಯಿ ನನ್ನ ವಿದ್ಯಾರ್ಥಿನಿ. ಕಲಬುರಗಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವಾಗ ಮುಂದಿನ ಬೆಂಚಿನಲ್ಲಿ ಕೂಡುತ್ತಿದ್ದವಳು. ಬಿ.ಎ. ಎರಡನೇ ವರ್ಷದಲ್ಲಿ ಮದುವೆ ಮಾಡಿ ಬಿಡಿಸಿಕೊಂಡು ಹೋದರು. ಮಗಳು ಸಮುದ್ರ ದಾಟುವ ದಿನ ಆ ತಾಯಿಯ ಮುಖದಲ್ಲಿ ಇದ್ದ ಸಂತೋಷ ಎಂಥದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಆ ಸೂಟ್‌ಕೇಸಿನಲ್ಲಿ ಏನೇನಿತ್ತು ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಟಿರೊಟ್ಟಿ, ಎರಡು ಇಳಕಲ್ ಸೀರೆ, ಗಾಣಗಾಪುರದ ದತ್ತನ ಪ್ರಸಾದ, ನಾಲ್ಕು ಪಟ್ಟಿ ಜ್ವರದ ಗುಳಿಗೆ. ವೀಸಾ ಕೊಡುವ ಮೊದಲು ಬ್ರಿಟನ್ನಿನ ಸರಕಾರ ನಮ್ಮ ಮಕ್ಕಳಿಗೆ ಕ್ಷಯ ಇಲ್ಲವೆಂದು ಪ್ರಮಾಣಪತ್ರ ಕೇಳುತ್ತದೆ. ಅದಕ್ಕಾಗಿ ತಂದೆ ಮಗಳು ಬೆಂಗಳೂರಿಗೆ ಹೋಗಿ ಎದೆಯ ಎಕ್ಸರೇ ತೆಗೆಸಿ ಬಂದಿದ್ದರು. ಆಕೆಯ ಶ್ವಾಸಕೋಶದ ಚಿಂತೆ ಆ ಸರಕಾರಕ್ಕಿತ್ತು. ಆಕೆಯ ಮೈಯಲ್ಲಿ ರಕ್ತ ಎಷ್ಟಿದೆ ಎಂದು ನಾವು ಒಬ್ಬರೂ ಕೇಳಿರಲಿಲ್ಲ.

ತಿಂಗಳು ತಿಂಗಳು ಎಂಟು ಹತ್ತು ದಿನ ಆಕೆಗೆ ಸ್ರಾವವಾಗುತ್ತಿತ್ತು. ಪಿ.ಯು.ಸಿ.ಯಿಂದಲೂ ಇತ್ತಂತೆ. ತಾಯಿಗೆ ಗೊತ್ತಿತ್ತು, ಅಜ್ಜಿಗೆ ಗೊತ್ತಿತ್ತು. ಹೆಣ್ಣು ಜನ್ಮ ಅಂದರೆ ಇಷ್ಟೇ ಎಂದು ಸುಮ್ಮನಾಗಿದ್ದರು. ಇಂಗ್ಲೆಂಡಿನ ಚಳಿಯಲ್ಲಿ ಅದು ಹೆಚ್ಚಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು, ಕ್ಲಾಸಿನಲ್ಲಿ ಕೂತರೆ ಕಣ್ಣಿಗೆ ಕತ್ತಲೆ. ತಾಯಿಗೆ ಫೋನು ಮಾಡಿದಳು. ತಾಯಿ ಹೇಳಿದ ಮಾತು ಇದು: "ಅಲ್ಲಿ ದವಾಖಾನಿಗಿ ಹೋಗಬ್ಯಾಡ ಯವ್ವಾ. ಕಾಗದದಾಗ ಬರದ್ರ ಎಲ್ಲಾರ್ಗೂ ಗೊತ್ತಾಗತದ. ಮದುವಿ ಆಗ್ಬೇಕಾದ ಹುಡುಗಿ ನೀ."

ಆಗ ಪುಣೆಯ ಒಬ್ಬ ಸಾಫ್ಟ್‌ವೇರ್ ಹುಡುಗನ ಜೊತೆ ಮಾತುಕತೆ ನಡೆದಿತ್ತು. ಹದಿನೈದು ತೊಲ ಬಂಗಾರ, ಹತ್ತು ಲಕ್ಷ ನಗದು. "ನೀವು ಓದಿಗೆ ಖರ್ಚು ಮಾಡೀರಿ ಅಂತ ಕಡಿಮಿ ಕೇಳೇವಿ" ಎಂದು ಗಂಡಿನ ಕಡೆಯವರು ದೊಡ್ಡ ಮನಸ್ಸು ತೋರಿಸಿದ್ದರು.

ಡಿಸೆಂಬರಿನಲ್ಲಿ ಹುಡುಗಿ ನನಗೂ ಫೋನು ಮಾಡಿದಳು. ಇಲ್ಲಿ ನನ್ನ ತಪ್ಪನ್ನು ಬರೆಯದೆ ಮುಂದೆ ಹೋದರೆ ಈ ಲೇಖನಕ್ಕೆ ಅರ್ಥವಿರುವುದಿಲ್ಲ. ಎಂ.ಎ. ಓದಿದವಳು, ವರದಕ್ಷಿಣೆಯ ವಿರುದ್ಧ ಮೆರವಣಿಗೆಯಲ್ಲಿ ನಡೆದವಳು, ಇದೇ ಪತ್ರಿಕೆಯಲ್ಲಿ ಹೆಣ್ಣಿನ ಆರೋಗ್ಯದ ಬಗ್ಗೆ ಬರೆದವಳು ನಾನು ಆಕೆಗೆ ಏನು ಹೇಳಿದೆ ಗೊತ್ತೇ? "ಬೆಲ್ಲ ಶೇಂಗಾ ತಿನ್ನು, ಖರ್ಜೂರ ತಿನ್ನು. ಪರೀಕ್ಷೆ ಮುಗಿಸಿ ಊರಿಗೆ ಬಾ, ಕಲಬುರಗಿಯಲ್ಲಿ ತೋರಿಸೋಣ." ಪರದೇಶದ ದವಾಖಾನೆ ಎಂದರೆ ಲಕ್ಷಗಟ್ಟಲೆ ಬಿಲ್ಲು ಎಂದು ನನ್ನ ತಲೆಯಲ್ಲಿ ಕೂತಿತ್ತು. ಮದುವೆಯ ಮಾತು ನಡೆದಿದೆ ಎಂಬುದೂ ಕೂತಿತ್ತು, ಸುಳ್ಳು ಹೇಳುವುದಿಲ್ಲ.

2025ರ ಫೆಬ್ರವರಿಯಲ್ಲಿ ಆಕೆ ಬಸ್ ನಿಲ್ದಾಣದಲ್ಲಿ ಬಿದ್ದಳು. ಯಾರೋ ಗುರುತಿಲ್ಲದ ಹೆಂಗಸು 999ಕ್ಕೆ ಫೋನು ಮಾಡಿದಳಂತೆ. ಆಂಬುಲೆನ್ಸ್ ಬಂತು. ಹಿಮೊಗ್ಲೋಬಿನ್ 5.8 ಇತ್ತು. ಗರ್ಭಿಣಿಯಲ್ಲದ ಹೆಣ್ಣಿಗೆ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಕರೆಯುತ್ತಾರೆ. ಈಕೆಯದು ಅದರ ಅರ್ಧವೂ ಇರಲಿಲ್ಲ. ಎರಡು ಬಾಟಲಿ ರಕ್ತ ಕೊಟ್ಟರು, ಸ್ಕ್ಯಾನ್ ಮಾಡಿದರು. ಗರ್ಭಕೋಶದಲ್ಲಿ ನಾರುಗಡ್ಡೆ ಇತ್ತು. ಕ್ಯಾನ್ಸರಲ್ಲ. ಲಕ್ಷಾಂತರ ಹೆಣ್ಣುಮಕ್ಕಳಿಗೆ ಇರುವಂಥದ್ದು, ಚಿಕಿತ್ಸೆ ಇರುವಂಥದ್ದು. ಮೂರನೇ ದಿನ ಮನೆಗೆ ಕಳಿಸಿದರು. ಬಿಲ್ಲು ಎಷ್ಟು ಎಂದು ನಾನು ಹೆದರಿ ಹೆದರಿ ಕೇಳಿದೆ. "ಏನೂ ಇಲ್ಲ ಟೀಚರ್" ಎಂದಳು.

ಆಗ ಕೂತು ಎಲ್ಲ ಕಾಗದ ತೆಗೆದು ನೋಡಿದೆವು. ಬ್ರಿಟನ್ನಿಗೆ ಆರು ತಿಂಗಳಿಗಿಂತ ಹೆಚ್ಚು ಓದಲು ಹೋಗುವವರಿಂದ ವೀಸಾ ಅರ್ಜಿಯ ಜೊತೆಗೇ ಆರೋಗ್ಯದ ಹೆಚ್ಚುವರಿ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. 2015ರ ಏಪ್ರಿಲಿನಲ್ಲಿ ಇದು ಶುರುವಾದಾಗ ವಿದ್ಯಾರ್ಥಿಗಳಿಗೆ ವರ್ಷಕ್ಕೆ 150 ಪೌಂಡ್ ಇತ್ತು. 2020ರಲ್ಲಿ 470 ಆಯಿತು. 2024ರ ಫೆಬ್ರವರಿಯಿಂದ 776. ಒಂದು ವರ್ಷದ ಕೋರ್ಸಿಗೂ ವೀಸಾ ಅದಕ್ಕಿಂತ ಕೆಲವು ತಿಂಗಳು ಹೆಚ್ಚಿರುವುದರಿಂದ ಒಂದೂವರೆ ವರ್ಷದ ಲೆಕ್ಕ ಹಿಡಿಯುತ್ತಾರೆ. ಅಂದರೆ 1,164 ಪೌಂಡ್. ನಮ್ಮ ಹಣದಲ್ಲಿ ಒಂದೂಕಾಲು ಲಕ್ಷದ ಆಸುಪಾಸು. ಇದನ್ನು ಈ ತಂದೆ ಹೊಲ ಮಾರಿದ ದುಡ್ಡಿನಲ್ಲಿ ಕಟ್ಟಿದ್ದ. ಏಜೆಂಟ್ ಹೇಳಿದ, ಈತ ಕಟ್ಟಿದ. ಯಾಕೆ ಎಂದು ಇವನಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಐದು ತಿಂಗಳು ಆ ಹುಡುಗಿ ತನ್ನ ಹಕ್ಕಿನ ದವಾಖಾನೆಯ ಮುಂದೆಯೇ ನಡೆದು ಕಾಲೇಜಿಗೆ ಹೋಗುತ್ತಿದ್ದಳು.

ನಿಮ್ಮಲ್ಲಿ ಕೆಲವರು ಕೇಳಬಹುದು, ಸಂಘದ ಹೆಂಗಸರಿಗೆ ಇಂಗ್ಲೆಂಡಿನ ಪಂಚಾಯಿತಿ ಯಾಕೆ ಎಂದು. ಕೇಳುವುದು ಸರಿ. ಆದರೆ ಇವತ್ತು ನಮ್ಮ ಸಂಘಗಳಲ್ಲಿ ಮಕ್ಕಳ ಓದಿಗೆಂದು ಸಾಲ ಎತ್ತುವವರು ಎಷ್ಟು ಜನ ಇದ್ದಾರೆ ನೋಡಿ. ಒಬ್ಬಳ ಮಗಳು ಧಾರವಾಡದ ಹಾಸ್ಟೆಲಿನಲ್ಲಿ, ಒಬ್ಬಳ ಮಗಳು ಬೆಂಗಳೂರಿನ ನರ್ಸಿಂಗ್ ಕಾಲೇಜಿನಲ್ಲಿ. ಫೋನಿನಲ್ಲಿ ಹೊಟ್ಟೆನೋವು ಎಂದರೆ ತಾಯಂದಿರು ಕೊಡುವ ಉತ್ತರ ಎಲ್ಲ ಕಡೆ ಒಂದೇ. ದೂರ ಹೆಚ್ಚಾದಷ್ಟೂ ಅಪಾಯ ಹೆಚ್ಚು, ಅಷ್ಟೇ ವ್ಯತ್ಯಾಸ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ದೇಶದಲ್ಲಿ ನೂರಕ್ಕೆ 57, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತ ಕಡಿಮೆ. ನಮ್ಮ ಸಂಘದ ಸಭೆಯಲ್ಲಿ ಇಪ್ಪತ್ತು ಜನ ಕೂತರೆ ಒಂಬತ್ತು ಹತ್ತು ಜನ ಎಂದಾಯಿತು. ಅಕ್ಕಪಕ್ಕ ನೋಡಿಕೊಳ್ಳಿ.

ಆ ತಾಯಿಯನ್ನು ಬೈಯುವುದು ಸುಲಭ. ನಾನೂ ಮೊದಲು ಬೈದೆ. ಆಗ ಆಕೆ ಸೆರಗು ಸರಿಸಿ ಹೊಟ್ಟೆಯ ಮೇಲಿನ ಗಾಯದ ಗುರುತು ತೋರಿಸಿದಳು. ಮೂವತ್ತೆರಡನೇ ವಯಸ್ಸಿಗೆ ಬಿಳಿ ಸೆರಗು, ಸೊಂಟನೋವು ಎಂದು ಒಂದು ಖಾಸಗಿ ದವಾಖಾನೆಗೆ ಹೋದವಳಿಗೆ "ಇಟ್ಟುಕೊಂಡರೆ ಕ್ಯಾನ್ಸರ್ ಆಗತದ" ಎಂದು ಹೆದರಿಸಿ ಗರ್ಭಕೋಶ ತೆಗೆದಿದ್ದರು. ಆ ಮೇಲಿನಿಂದ ಆಕೆಗೆ ಒಂದು ದಿನವೂ ನೆಟ್ಟಗೆ ನಿಲ್ಲಲು ಆಗಿಲ್ಲ. ಮಗಳದ್ದೂ ತೆಗೆದುಬಿಟ್ಟರೆ ಎಂಬುದು ಆಕೆಯ ಭಯ.

ಈ ಭಯ ಹುಚ್ಚು ಭಯವೇ? ನಮ್ಮ ಜಿಲ್ಲೆಯವರು ಹಾಗೆನ್ನುವಂತಿಲ್ಲ. 2015ರಲ್ಲಿ ಇಡೀ ರಾಜ್ಯಕ್ಕೆ ಗೊತ್ತಾದ ವಿಷಯ ಇದು: ಕಲಬುರಗಿ ಜಿಲ್ಲೆಯ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳಿಗೆ, ಅವರಲ್ಲಿ ಎಷ್ಟೋ ಜನ ನಲವತ್ತೂ ದಾಟದವರಿಗೆ, ಬೆನ್ನುನೋವಿಗೂ ಬಿಳಿ ಸೆರಗಿಗೂ ಗರ್ಭಕೋಶ ತೆಗೆದು ಕಳಿಸಿದ್ದರು. ಕರ್ನಾಟಕ ಜನಾರೋಗ್ಯ ಚಳವಳಿಯವರು ಹಳ್ಳಿ ಹಳ್ಳಿ ತಿರುಗಿ ದಾಖಲೆ ಕೂಡಿಸಿದರು. ವಿಚಾರಣೆ ನಡೆಯಿತು, ಕೆಲವು ಖಾಸಗಿ ಆಸ್ಪತ್ರೆಗಳ ಪರವಾನಿಗೆ ರದ್ದಾಯಿತು. 2017ರಲ್ಲಿ ಆ ಹೆಣ್ಣುಮಕ್ಕಳು ಕಲಬುರಗಿಯಲ್ಲಿ ಜಿಲ್ಲಾಧಿಕಾರಿ ಕಚೇರಿಯ ಮುಂದೆ ನ್ಯಾಯ ಕೇಳಿ ನಿಂತರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿ ಮಾಡಿರೆಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿದ್ದು 2023ರಲ್ಲಿ. ಇಷ್ಟೆಲ್ಲ ಕಂಡ ತಾಯಿ ದವಾಖಾನೆ ಎಂದರೆ ಬೆಚ್ಚಿಬೀಳುವುದರಲ್ಲಿ ತಪ್ಪೇನಿದೆ?

ಆದರೆ ಇಲ್ಲಿ ಒಂದು ವಿಷಯ ಬಿಡಿಸಿ ನೋಡಬೇಕು. ಆಕೆಗಿದ್ದ ಭಯ ಎರಡು. ಒಂದು ಕತ್ತರಿಯ ಭಯ. ಅದು ಅನುಭವದಿಂದ ಬಂದದ್ದು, ಅದಕ್ಕೆ ತಿಳಿವಳಿಕೆ ಕೊಟ್ಟರೆ ಪರಿಹಾರ ಉಂಟು. ನಾರುಗಡ್ಡೆಗೆ ಗುಳಿಗೆಯಿಂದ ಸ್ರಾವ ತಡೆಯಬಹುದು, ಬೇಕಾದರೆ ಗಡ್ಡೆಯಷ್ಟನ್ನೇ ತೆಗೆದು ಗರ್ಭಕೋಶ ಉಳಿಸಬಹುದು, ಮಕ್ಕಳು ಬೇಕೆನ್ನುವ ಹುಡುಗಿಗೆ ಅದನ್ನೇ ಮಾಡುತ್ತಾರೆ ಎಂದು ಡಾಕ್ಟರು ಬಿಡಿಸಿ ಹೇಳಿದಾಗ ತಾಯಿ ಅರ್ಧ ನಿರಾಳವಾದಳು. ಇನ್ನೊಂದು ಕಾಗದದ ಭಯ. ರೋಗದ ಹೆಸರು ಕಾಗದದಲ್ಲಿ ಬಂದರೆ ಗಂಡಿನ ಕಡೆಯವರಿಗೆ ತಿಳಿಯುತ್ತದೆ, ತಿಳಿದರೆ ರೇಟು ಏರುತ್ತದೆ. ಈ ಎರಡನೆಯದು ಯಾವ ಡಾಕ್ಟರೂ ತೆಗೆಯುವಂಥದ್ದಲ್ಲ. ಇದು ನಾವೇ ಸಾಕಿ ಬೆಳೆಸಿದ ರೋಗ.

ಸಂತೆಯಲ್ಲಿ ಎಮ್ಮೆ ಕೊಳ್ಳುವವನು ಹಲ್ಲು ನೋಡುತ್ತಾನೆ, ಕೆಚ್ಚಲು ಹಿಂಡಿ ನೋಡುತ್ತಾನೆ. ದೋಷವಿದ್ದರೆ ಬೆಲೆ ಇಳಿಸುತ್ತಾನೆ. ನಮ್ಮ ಮದುವೆಯ ಸಂತೆ ಇನ್ನೂ ವಿಚಿತ್ರ. ಇಲ್ಲಿ ಸರಕು ಒಯ್ಯುವವನೇ ದುಡ್ಡನ್ನೂ ಒಯ್ಯುತ್ತಾನೆ. ದೋಷ ಕಂಡರೆ ಇನ್ನಷ್ಟು ದುಡ್ಡು ಕೇಳುತ್ತಾನೆ. ಹೀಗಿರುವಾಗ ಮುಟ್ಟಿನ ತೊಂದರೆ, ಥೈರಾಯ್ಡ್, ಮೂರ್ಛೆರೋಗ, ಯಾವಾಗಲೋ ಬಂದು ಗುಣವಾದ ಕ್ಷಯ, ಮನಸ್ಸಿನ ಖಿನ್ನತೆ ಎಲ್ಲವೂ ಹೆಣ್ಣು ಹೆತ್ತವರ ಪಾಲಿಗೆ ಮುಚ್ಚಿಡಬೇಕಾದ ಸಾಲದ ಪತ್ರಗಳಾಗುತ್ತವೆ. ಮುಚ್ಚಿಟ್ಟ ರೋಗ ಒಳಗೇ ಬೆಳೆಯುತ್ತದೆ. ಗಂಡಿಗೆ ಸಕ್ಕರೆ ಕಾಯಿಲೆ ಇದೆಯೇ, ಕುಡಿಯುತ್ತಾನೆಯೇ, ಮಕ್ಕಳಾಗುವ ಶಕ್ತಿ ಇದೆಯೇ ಎಂದು ಪರೀಕ್ಷೆಯ ಚೀಟಿ ಕೇಳಿದ ಒಂದು ಸಂಬಂಧವನ್ನು ನನ್ನ ಅರವತ್ತೈದು ವರ್ಷದಲ್ಲಿ ನಾನು ಕಂಡಿಲ್ಲ.

ಇದು ಇವತ್ತಿನದಲ್ಲ. ನಾನು ಇತಿಹಾಸದವಳು, ಒಂದು ಹಳೆಯ ಕತೆ ಹೇಳದೆ ಇರಲಾರೆ. ನಮ್ಮ ನೆರೆಯ ಮಹಾರಾಷ್ಟ್ರದ ಆನಂದಿಬಾಯಿ ಜೋಶಿ ಹುಟ್ಟಿದ್ದು 1865ರಲ್ಲಿ. ಒಂಬತ್ತು ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ಹೆರಿಗೆ. ಹತ್ತೇ ದಿನಕ್ಕೆ ಕೂಸು ತೀರಿತು. ಆ ನೋವಿನಿಂದ ಡಾಕ್ಟರಾಗಬೇಕೆಂದು ಹೊರಟ ಹುಡುಗಿ ಆಕೆ. ಗಂಡ ಗೋಪಾಲರಾವ್ ಆಕೆಯನ್ನು ಓದಿಸಿದ, ಅದೇ ಕೈಯಿಂದ ಹೊಡೆದ ಕೂಡ. ಓದಿಸುವ ಗಂಡನೂ ಹೊಡೆಯಬಹುದು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕೇ? 1883ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದಳು. ಫಿಲಡೆಲ್ಫಿಯಾದ ಹೆಣ್ಣುಮಕ್ಕಳ ವೈದ್ಯ ಕಾಲೇಜಿನಲ್ಲಿ ಓದಿ 1886ರ ಮಾರ್ಚಿನಲ್ಲಿ ಪದವಿ ಪಡೆದಳು. ಆ ಚಳಿಯಲ್ಲಿ, ಆ ಊಟದಲ್ಲಿ ಆಕೆಯ ದೇಹ ಕ್ಷಯಕ್ಕೆ ತುತ್ತಾಗಿತ್ತು. ಡಾಕ್ಟರಾಗಿ ಊರಿಗೆ ಬಂದವಳು ಒಬ್ಬ ರೋಗಿಯನ್ನೂ ನೋಡಲಿಕ್ಕಾಗದೆ 1887ರ ಫೆಬ್ರವರಿಯಲ್ಲಿ ಪುಣೆಯಲ್ಲಿ ತೀರಿಕೊಂಡಳು. ಇಪ್ಪತ್ತೆರಡೂ ತುಂಬಿರಲಿಲ್ಲ. ಆಗ ಕ್ಷಯಕ್ಕೆ ಮದ್ದೇ ಇರಲಿಲ್ಲ. ಈಗ ಮದ್ದಿದೆ, ದುಡ್ಡು ಕಟ್ಟಿದ ರಸೀದಿಯೂ ಇದೆ, ಆದರೂ ಹುಡುಗಿಯರು ಬಸ್ ನಿಲ್ದಾಣದಲ್ಲಿ ಬೀಳುತ್ತಾರೆ.

ಇನ್ನೊಂದು ಹೆಸರು ನಿಮಗೆಲ್ಲ ಗೊತ್ತಿರುವುದೇ. ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ. ಐರ್ಲೆಂಡಿನ ಗಾಲ್ವೇಯಲ್ಲಿ ಗಂಡನ ಜೊತೆ ಇದ್ದಳು. ವಿದ್ಯಾರ್ಥಿನಿ ಅಲ್ಲ, ಓದು ಮುಗಿಸಿದವಳು. ಆದರೆ ಪರದೇಶದಲ್ಲಿ ಹೆಣ್ಣಿನ ಆರೋಗ್ಯದ ಮಾತು ಬಂದಾಗ ಆಕೆಯನ್ನು ಬಿಟ್ಟು ಮಾತಾಡುವುದು ಹೇಗೆ? 2012ರ ಅಕ್ಟೋಬರ್ 21ರಂದು, ಹದಿನೇಳು ವಾರದ ಗರ್ಭಿಣಿ, ಗರ್ಭ ಜಾರುತ್ತಿದೆ ಎಂದು ಆಸ್ಪತ್ರೆಗೆ ಸೇರಿದಳು. ಗರ್ಭ ಉಳಿಯುವುದಿಲ್ಲ ಎಂದು ಡಾಕ್ಟರರೇ ಹೇಳಿದ್ದರು. ಹಾಗಾದರೆ ತೆಗೆದುಬಿಡಿ ಎಂದು ಬಾಯಿಬಿಟ್ಟು ಕೇಳಿದಳು. ಭ್ರೂಣದ ಎದೆಬಡಿತ ಇರುವ ತನಕ ಆ ದೇಶದ ಕಾನೂನು ಬಿಡುವುದಿಲ್ಲ ಎಂದರು. ಅಷ್ಟರಲ್ಲಿ ನಂಜೇರಿತು. ಅಕ್ಟೋಬರ್ 28ರಂದು, 31ನೇ ವಯಸ್ಸಿಗೆ ಆಕೆ ಸತ್ತಳು. ನಮ್ಮ ದೇಶದಲ್ಲಿ ಗರ್ಭಪಾತದ ಕಾಯಿದೆ ಬಂದದ್ದು 1971ರಲ್ಲಿ. ಇಲ್ಲಿದ್ದರೆ ಆ ಕಾನೂನಿನ ಗೋಡೆ ಆಕೆಗೆ ಅಡ್ಡ ಬರುತ್ತಿರಲಿಲ್ಲ. ಮುಂದುವರಿದ ದೇಶಗಳೆಲ್ಲ ಹೆಣ್ಣಿನ ಪಾಲಿಗೂ ಮುಂದುವರಿದಿವೆ ಎಂದು ತಿಳಿಯಬಾರದು. ಅಮೆರಿಕದಲ್ಲೂ 2022ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಹಕ್ಕನ್ನು ಕಿತ್ತುಕೊಂಡಿತು. ನಮ್ಮ ಮಕ್ಕಳು ಓದಲು ಹೋಗುವ ಟೆಕ್ಸಾಸ್ ರಾಜ್ಯದಲ್ಲಿ ಇವತ್ತು ಗರ್ಭಪಾತ ಹೆಚ್ಚುಕಡಿಮೆ ಪೂರ್ತಿ ನಿಷಿದ್ಧ. ಮಗಳನ್ನು ಯಾವ ಊರಿಗೆ ಕಳಿಸುತ್ತೇವೆ ಎಂಬುದರ ಜೊತೆ ಅಲ್ಲಿಯ ಕಾನೂನು ಏನು ಎಂದೂ ಕೇಳಬೇಕು. ಮದುವೆಯಾಗಿ ಓದಲು ಹೋಗುವವರೂ ಇದ್ದಾರಲ್ಲ.

ಆದರೆ ಸವಿತಾಳ ವಿಷಯದಲ್ಲಿ ನಾನು ನಿಮಗೆ ತೋರಿಸಬೇಕಾದ್ದು ಆಕೆಯ ತಂದೆತಾಯಿಯನ್ನು. ಬೆಳಗಾವಿಯ ಯಾಳಗಿ ದಂಪತಿಗಳು ಮಗಳ ಗರ್ಭ, ಸ್ರಾವ, ಸಾವು ಎಲ್ಲವನ್ನೂ ನಾಚಿಕೆಯ ವಿಷಯವೆಂದು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಜಗತ್ತಿನ ಮುಂದೆ ಮಾತಾಡಿದರು. ಆಕೆಯ ಗಂಡ ಸತ್ಯ ಹೊರಬರಲಿ ಎಂದು ಹಟ ಹಿಡಿದರು. 2013ರ ಏಪ್ರಿಲಿನಲ್ಲಿ ಮರಣ ವಿಚಾರಣೆ ನಡೆದು ಚಿಕಿತ್ಸೆಯಲ್ಲಿ ಆದ ಲೋಪಗಳು ಹೊರಬಿದ್ದವು. 2018ರ ಮೇ 25ರಂದು ಐರ್ಲೆಂಡಿನ ಜನ ಆ ಕಾನೂನು ಬೇಡವೆಂದು ನೂರಕ್ಕೆ 66ರಷ್ಟು ಮತ ಹಾಕಿದರು. ಮತಕ್ಕೆ ಮೊದಲು ತಂದೆ ಬೆಳಗಾವಿಯಿಂದಲೇ ಅಲ್ಲಿಯ ಜನರಿಗೆ ಕೇಳಿಕೊಂಡಿದ್ದರು, ನನ್ನ ಮಗಳನ್ನು ನೆನಪಿಟ್ಟುಕೊಳ್ಳಿ ಎಂದು. ನಮ್ಮ ಕಡೆಯ ಒಂದು ಮನೆತನ ಮಗಳ ದೇಹದ ಬಗ್ಗೆ ಬಾಯಿ ತೆರೆದದ್ದು ದೂರದ ಒಂದು ದೇಶದ ಕಾನೂನು ಬದಲಾಗಲು ಕಾರಣವಾಯಿತು. ನಾವು ಪಕ್ಕದ ಮನೆಯ ಆಶಾ ಕಾರ್ಯಕರ್ತೆಗೂ ಹೇಳುವುದಿಲ್ಲ.

ಈಗ ಉಪಯೋಗಕ್ಕೆ ಬರುವ ಮಾತು. ಇಂಗ್ಲೆಂಡಿಗೆ ಹೋದ ಮಗಳು ಮೊದಲ ವಾರವೇ ತಾನಿರುವ ಬಡಾವಣೆಯ ಡಾಕ್ಟರರಲ್ಲಿ ಹೆಸರು ಬರೆಸಬೇಕು. ಅದನ್ನು ಅಲ್ಲಿ ಜಿ.ಪಿ. ಎನ್ನುತ್ತಾರೆ. ಬರೆಸುವುದಕ್ಕೆ ದುಡ್ಡಿಲ್ಲ. ಅದಿಲ್ಲದೆ ದೊಡ್ಡ ಡಾಕ್ಟರರ ಹತ್ತಿರ ಹೋಗುವ ದಾರಿ ತೆರೆಯುವುದು ಕಷ್ಟ. ನೋಡುವುದು, ಸ್ಕ್ಯಾನು, ಆಪರೇಷನ್ನು, ಹೆರಿಗೆ, ಕುಟುಂಬ ಯೋಜನೆ ಎಲ್ಲ ಆ ಶುಲ್ಕದಲ್ಲೇ ಬಂತು. ಇಂಗ್ಲೆಂಡಿನಲ್ಲಿ ಔಷಧಿ ಚೀಟಿಗೆ ಮಾತ್ರ ಒಂದೊಂದಕ್ಕೆ ಹತ್ತು ಪೌಂಡಿನಷ್ಟು ಕೊಡಬೇಕು, ಹಲ್ಲಿಗೂ ಬೇರೆ ದುಡ್ಡು. ಜೀವಕ್ಕೆ ಅಪಾಯವಾದರೆ 999, ಅಷ್ಟು ಅವಸರವಿಲ್ಲದಿದ್ದರೆ 111. ಎಲ್ಲ ಸ್ವರ್ಗವೆಂದು ತಿಳಿಯಬೇಡಿ. ಅವಸರವಿಲ್ಲದ ಆಪರೇಷನ್ನಿಗೆ ಅಲ್ಲೂ ತಿಂಗಳುಗಟ್ಟಲೆ ಸರದಿ. ನಮ್ಮ ಹುಡುಗಿ ಗುಳಿಗೆ ತಿನ್ನುತ್ತ ಆ ಸರದಿಯಲ್ಲಿ ಕಾಯಬೇಕಾಯಿತು. ಅದಕ್ಕೇ ಮೊದಲೇ ಹೋಗಬೇಕು ಎನ್ನುವುದು. ದವಾಖಾನೆಗೆ ಹೋದರೆ ವೀಸಾ ರದ್ದಾಗುತ್ತದೆ ಎಂದು ಆಕೆಯ ಗೆಳತಿಯರು ಹೆದರಿಸಿದ್ದರಂತೆ. ಶುದ್ಧ ಸುಳ್ಳು. ಹದಿನೆಂಟು ತುಂಬಿದ ಹುಡುಗಿ ಡಾಕ್ಟರರಿಗೆ ಹೇಳಿದ್ದು ಆಕೆಯ ಒಪ್ಪಿಗೆ ಇಲ್ಲದೆ ತಂದೆಗೂ ಹೋಗುವುದಿಲ್ಲ, ಗಂಡನಿಗೂ ಹೋಗುವುದಿಲ್ಲ.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಇಂಥ ಸರಕಾರಿ ವ್ಯವಸ್ಥೆ ಇಲ್ಲ, ಬಹುತೇಕ ವಿಶ್ವವಿದ್ಯಾಲಯಗಳೇ ವಿಮೆ ಮಾಡಿಸುತ್ತವೆ, ಅದು ವರ್ಷಕ್ಕೆ ಸಾವಿರಾರು ಡಾಲರ್ ಆಗಬಹುದು. ಕಡಿಮೆ ಬೆಲೆಯದು ಸಿಗುತ್ತದೆ ಎಂದು ಕೊಂಡರೆ ಹಳೆಯ ರೋಗಕ್ಕೆ ಇಲ್ಲ, ಹೆರಿಗೆಗೆ ಇಲ್ಲ, ಮನಸ್ಸಿನ ರೋಗಕ್ಕೆ ಇಲ್ಲ ಎಂದು ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಆ ಸಣ್ಣಕ್ಷರವನ್ನು ಮಗಳಿಂದಲೇ ಗಟ್ಟಿಯಾಗಿ ಓದಿಸಿ, ಅರ್ಥ ಕೇಳಿ. ಆಂಬುಲೆನ್ಸಿಗೂ ಬಿಲ್ಲು ಬರುತ್ತದೆ. ಆದರೆ ಜೀವಕ್ಕೆ ಸಂಕಟವಾದಾಗ ದುಡ್ಡಿಲ್ಲವೆಂದು ತುರ್ತು ವಿಭಾಗದಿಂದ ಹೊರಗೆ ಹಾಕುವಂತಿಲ್ಲ. ಅದಕ್ಕೆ 1986ರಿಂದ ಅಲ್ಲಿ ಕಾನೂನಿದೆ. ಧರ್ಮಾರ್ಥ ಆಸ್ಪತ್ರೆಗಳು ಬಡ ರೋಗಿಗೆ ಬಿಲ್ಲು ಇಳಿಸುವ ನಿಯಮ ಇಟ್ಟುಕೊಂಡಿರಲೇಬೇಕು, ಅರ್ಜಿ ಕೇಳಿ ಪಡೆಯಬೇಕು. ಜರ್ಮನಿಯಲ್ಲಿ, ಆಸ್ಟ್ರೇಲಿಯಾದಲ್ಲಿ ವಿಮೆ ಇಲ್ಲದೆ ವಿದ್ಯಾರ್ಥಿಯಾಗಿ ಇರಲು ಬಿಡುವುದಿಲ್ಲ. ಎಲ್ಲಿಯೇ ಆಗಲಿ ಕೈಬಿಟ್ಟ ಸ್ಥಿತಿ ಬಂದರೆ ನಮ್ಮ ರಾಯಭಾರ ಕಚೇರಿಯಲ್ಲಿ ಭಾರತೀಯರ ಕಲ್ಯಾಣ ನಿಧಿ ಇದೆ. 2009ರಲ್ಲಿ ಮಾಡಿದ್ದು. ಗತಿಯಿಲ್ಲದವರ ತುರ್ತು ಚಿಕಿತ್ಸೆಗೂ, ಪರದೇಶದಲ್ಲಿ ಗಂಡ ಬಿಟ್ಟುಹೋದ ಹೆಣ್ಣಿನ ಕಾನೂನು ನೆರವಿಗೂ ಅದರಿಂದ ಕೊಡುತ್ತಾರೆ.

ಮನಸ್ಸಿನ ಮಾತೂ ಇದೆ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ, ಬೆನ್ನ ಮೇಲೆ ಸಾಲ ಹೊತ್ತು, ರಾತ್ರಿ ಅಂಗಡಿಯಲ್ಲಿ ದುಡಿದು ಓದುವ ಹುಡುಗಿಗೆ ಅಳು ಬರುವುದು ಹುಚ್ಚಲ್ಲ. ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಕೂಡಿಸಿಕೊಂಡು ಮಾತಾಡುವ ಸಲಹೆಗಾರರು ಇರುತ್ತಾರೆ, ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ. ನಮ್ಮಲ್ಲೂ 2022ರಿಂದ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುವವರಿದ್ದಾರೆ. ಹಾಗೆಯೇ ಹೊಡೆತ ತಿಂದವಳು ಡಾಕ್ಟರರ ಮುಂದೆ ಜಾರಿ ಬಿದ್ದೆ ಎಂದು ಹೇಳಬಾರದು. ಡಾಕ್ಟರು ಆವತ್ತು ಬರೆದ ಚೀಟಿಯೇ ಮುಂದೆ ಸಾಕ್ಷಿ. ನಮ್ಮ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಹೆಣ್ಣಿನ ಆರೋಗ್ಯಕ್ಕೆ ಕುತ್ತು ತರುವುದನ್ನೂ ದೌರ್ಜನ್ಯವೆಂದೇ ಕರೆಯುತ್ತದೆ, ನೆರವು ಕೇಳಿ ಬಂದ ಹೆಣ್ಣಿಗೆ ಚಿಕಿತ್ಸೆ ಕೊಡಲೇಬೇಕೆಂದು ಆಸ್ಪತ್ರೆಗಳಿಗೂ ಹೇಳುತ್ತದೆ.

ಹುಡುಗಿಯ ಕತೆ ಮುಗಿಸುತ್ತೇನೆ. ಅದೇ ಊರಿನಲ್ಲಿದ್ದ ದೂರದ ಸಂಬಂಧಿಯ ಮಗನ ಬಾಯಿಂದ ಸುದ್ದಿ ಪುಣೆಗೆ ಮುಟ್ಟಿತು. ಗಂಡಿನ ಕಡೆಯವರು ಬಂದು ಕೂತರು. ಹುಡುಗಿ ಹೇಗಿದ್ದಾಳೆ ಎಂದು ಮೊದಲು ಕೇಳಬೇಕಿತ್ತು, ಕೇಳಲಿಲ್ಲ. ಮಕ್ಕಳಾಗುತ್ತವೆ ಎಂದು ಡಾಕ್ಟರರ ಸರ್ಟಿಫಿಕೇಟು ಬೇಕು, ಜೊತೆಗೆ ಇನ್ನೂ ಐದು ಲಕ್ಷ ಎಂದರು. ತಂದೆ ತಲೆ ತಗ್ಗಿಸಿ ಕೂತಿದ್ದ, ಒಪ್ಪುವವನೇ ಇದ್ದ. ತಾಯಿ ಒಳಗೆ ಹೋಗಿ ಮಗಳಿಗೆ ಫೋನು ಹಚ್ಚಿ ಹೊರಗೆ ತಂದು ಎಲ್ಲರ ನಡುವೆ ಇಟ್ಟಳು. ಹುಡುಗಿ ಹೇಳಿದಳು: "ನನ್ನ ರಿಪೋರ್ಟು ಕಳಸ್ತೀನಿ. ಅವರದೂ ರಕ್ತದ್ದು, ವೀರ್ಯದ್ದು ಎರಡೂ ರಿಪೋರ್ಟು ಕಳಸ್ಲಿ. ನೋಡಿ ಹೇಳ್ತೀನಿ." ಚಹಾ ಕುಡಿಯದೆ ಎದ್ದು ಹೋದರು.

1961ರ ವರದಕ್ಷಿಣೆ ನಿಷೇಧ ಕಾಯಿದೆಯ ನಾಲ್ಕನೇ ಕಲಮಿನ ಪ್ರಕಾರ ಕೇಳುವುದೇ ಅಪರಾಧ. ಮದುವೆ ಆಗಿರಬೇಕೆಂದಿಲ್ಲ, ದುಡ್ಡು ಕೊಟ್ಟಿರಬೇಕೆಂದೂ ಇಲ್ಲ. ಆರು ತಿಂಗಳಿಂದ ಎರಡು ವರ್ಷದ ತನಕ ಶಿಕ್ಷೆ. ದೂರು ಕೊಡೋಣ ಎಂದೆ. ತಂದೆ ಒಪ್ಪಲಿಲ್ಲ. "ಟೀಚರೇ, ನೀವೇ ಆಕಿ ತಲಿ ಕೆಡಿಸಿದ್ದು" ಎಂದ. ನಾಲ್ಕು ತಿಂಗಳು ನನ್ನ ಹೊಸ್ತಿಲು ತುಳಿಯಲಿಲ್ಲ. ಇರಲಿ. ಆತನ ಹೊಲ ಹೋಗಿದೆ, ಸಾಲ ಇದೆ, ಊರಲ್ಲಿ ಮಾತಿದೆ. ಆತನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಆದರೆ ನಾನು ತಲೆ ಕೆಡಿಸಿದ್ದು ಡಿಸೆಂಬರಿನಲ್ಲಿ, ಶೇಂಗಾ ಬೆಲ್ಲ ತಿನ್ನು ಎಂದಾಗ. ಅದನ್ನು ಆತನಿಗೆ ಹೇಳಿದೆ, ಅರ್ಥವಾಯಿತೋ ಇಲ್ಲವೋ.

ಇನ್ನು ನಮ್ಮ ಸಂಘದ ಮಾತು. ನಿವೃತ್ತಿಯ ನಂತರ ಊರಿಗೆ ಬಂದ ಮೇಲೆ ಲೆಕ್ಕದ ಪುಸ್ತಕ ಬರೆಯುವ ಕೆಲಸ ನನ್ನದೇ. ಈ ಗಲಾಟೆಯ ನಂತರ ಹಿಂದಿನ ಪುಟಗಳನ್ನೆಲ್ಲ ತಿರುವಿ ನೋಡಿದೆ. ಸಾಲದ ಕಾರಣ ಎಂಬ ಕಾಲಮಿನಲ್ಲಿ ಏನಿದೆ? ಮಗಳ ಮದುವೆ, ಮಗಳ ನಿಶ್ಚಯ, ಅಳಿಯನ ಬೈಕು, ಕುಬಸ, ಎಮ್ಮೆ, ಬೀಜ ಗೊಬ್ಬರ, ಮಗನ ಕಾಲೇಜು, ಗಂಡನ ಆಪರೇಷನ್. ಮಗಳ ಚಿಕಿತ್ಸೆ ಎಂದು ಬರೆದ ಒಂದು ಸಾಲು ಸಿಗಲಿಲ್ಲ. ಯಾರೂ ಕೇಳಲಿಲ್ಲವೋ, ಕೇಳಲು ಬಂದವರು ಬೇರೆ ಕಾರಣ ಬರೆಸಿದರೋ ಗೊತ್ತಿಲ್ಲ. ಅಳಿಯನ ಬೈಕಿಗೆ ಸಾಲ ಮಂಜೂರು ಮಾಡಿ ಸಹಿ ಹಾಕಿದವರು ನಾವೇ, ವರದಕ್ಷಿಣೆ ವಿರೋಧಿ ಘೋಷಣೆ ಕೂಗಿದವರೂ ನಾವೇ. ಹೋದ ತಿಂಗಳ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿದೆ. ಕೆಲವರಿಗೆ ಸಿಟ್ಟು ಬಂತು. ಇಬ್ಬರು ಎದ್ದು ಹೋದರು. ಕೊನೆಗೆ ಅಳಿಯನಿಗೆ ಕೊಡುವ ಯಾವುದಕ್ಕೂ ಸಾಲವಿಲ್ಲ, ಹೆಣ್ಣುಮಕ್ಕಳ ಪರೀಕ್ಷೆ ಚಿಕಿತ್ಸೆಗೆ ಸರದಿ ಬಿಟ್ಟು ಮೊದಲು ಕೊಡುವುದು ಎಂದು ಬರೆದುಕೊಂಡೆವು. ಎದ್ದು ಹೋದವರಲ್ಲಿ ಒಬ್ಬಳು ಮರುದಿನ ಬಂದು ಹೆಬ್ಬೆಟ್ಟು ಒತ್ತಿದಳು. ಇನ್ನೊಬ್ಬಳು ಇನ್ನೂ ಬಂದಿಲ್ಲ.

ಮೊನ್ನೆ ಸಂಜೆ ಆ ಹುಡುಗಿಯ ತಾಯಿ ಮನೆಗೆ ಬಂದಿದ್ದಳು. ಜೊತೆಗೆ ಕಿರಿಯ ಮಗಳು, ಪಿ.ಯು.ಸಿ. ಎರಡನೇ ವರ್ಷ. "ಇಕಿಗೂ ಎಂಟು ದಿನ ಆಗತದ ಟೀಚರ್" ಎಂದಳು, ದನಿ ಇಳಿಸದೆ. ಹುಡುಗಿ ನಾಚಿ ಕಿಟಕಿಯ ಕಡೆ ನೋಡುತ್ತಿದ್ದಳು. ನಾಳೆ ಬೆಳಿಗ್ಗೆಯ ಬಸ್ಸಿಗೆ ಮೂವರೂ ಕಲಬುರಗಿಯ ಸರಕಾರಿ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಆಧಾರ್ ಕಾರ್ಡು ತೋರಿಸಿದರೆ ಟಿಕೆಟ್ಟಿನ ದುಡ್ಡೂ ಇಲ್ಲ.